ಟಿ.ಸಿ.ಯಲ್ಲಿ ‘ಪೋಷಕರ ಕೋರಿಕೆ’ ಎಂದು ಬರೆಸುವುದನ್ನು ನಿಲ್ಲಿಸಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರ.

ಶಾಲೆಯ ವರ್ಗಾವಣೆ ಪ್ರಮಾಣಪತ್ರದಲ್ಲಿ, ಅಂದರೆ ಟಿ.ಸಿ.ಯಲ್ಲಿ, ‘ಶಾಲೆ ಬಿಡಲು ಕಾರಣ’ ಎಂಬ ಒಂದು ಕಾಲಂ ಇದೆ. ಅನುದಾನಿತ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ನನಗೆ ಆ ಕಾಲಂನ ಪರಿಚಯ ಚೆನ್ನಾಗಿಯೇ ಇದೆ. ಅಪ್ಪನಿಗೆ ವರ್ಗವಾಗಿ ಊರು ಬಿಡುವವರಿಗೆ, ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋಗುವವರಿಗೆ ಅಲ್ಲಿ ಏನು ಬರೆಯಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ಹೇಳುತ್ತಿರುವುದು ನವೆಂಬರಿನಲ್ಲೋ ಜನವರಿಯಲ್ಲೋ, ವರ್ಷದ ನಡುವೆ ಕೊಡುವ ಟಿ.ಸಿ.ಗಳ ವಿಷಯ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಇರುವುದು ಎರಡೇ ಪದ: ‘ಪೋಷಕರ ಕೋರಿಕೆ’. ಆ ಪೋಷಕರಲ್ಲಿ ಅನೇಕರು ಏನನ್ನೂ ಕೋರಿರಲಿಲ್ಲ. ಶಾಲೆಯವರೇ ಕರೆಸಿ, ಕೂರಿಸಿ, ಅವರಿಂದ ಕೋರಿಕೆ ಬರೆಸಿಕೊಂಡಿದ್ದರು.

ಶಿಸ್ತಿನ ಹೆಸರಿನಲ್ಲಿ ಮಗುವನ್ನು ಶಾಲೆಯಿಂದ ಹೊರಹಾಕಲು ನಮ್ಮಲ್ಲಿ ರೂಢಿಗೆ ಬಂದಿರುವ ದಾರಿ ಇದು. ಹೊರಹಾಕಿದ ಆದೇಶ ಎಲ್ಲಿಯೂ ಇರುವುದಿಲ್ಲ. ಆದೇಶ ಇಲ್ಲದ ಮೇಲೆ ಮೇಲ್ಮನವಿ ಇಲ್ಲ, ತನಿಖೆ ಇಲ್ಲ, ನಿಮ್ಮ ಇಲಾಖೆಯ ಅಂಕಿಅಂಶದಲ್ಲಿ ಒಂದು ಸಾಲೂ ಇಲ್ಲ. ‘ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳನ್ನು ಹೊರಹಾಕುವುದಿಲ್ಲ’ ಎಂದು ನೀವು ಸದನದಲ್ಲಿ ಉತ್ತರ ಕೊಟ್ಟರೆ ದಾಖಲೆಗಳ ಪ್ರಕಾರ ಅದು ಸತ್ಯವೇ ಆಗುತ್ತದೆ. ಆ ದಾಖಲೆಗಳು ಹೇಗೆ ತಯಾರಾಗುತ್ತವೆ ಎಂದು ತಿಳಿಸುವುದಕ್ಕಾಗಿಯೇ ಈ ಪತ್ರ.

ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಬೆಂಚಿನ ಕಾಲು ಮುರಿದಿದ್ದ, ಗಣಿತದ ಶಿಕ್ಷಕರಿಗೆ ಎದುರು ಮಾತನಾಡಿದ್ದ, ಅದಕ್ಕೂ ಮೊದಲು ಏನೇನೋ ಮಾಡಿದ್ದ. ಅವನ ಅಪ್ಪ ಗಾರೆ ಕೆಲಸದವರು. ಕೆಲಸದ ಜಾಗದಿಂದ ನೇರವಾಗಿ ಬಂದಿದ್ದರು; ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮುಖ್ಯ ಶಿಕ್ಷಕರು ದನಿ ಏರಿಸಲಿಲ್ಲ, ಬಹಳ ಸಮಾಧಾನದಿಂದಲೇ ಹೇಳಿದರು: “ನೋಡಿ, ನಾವಾಗಿಯೇ ತೆಗೆದುಹಾಕಿದರೆ ಹುಡುಗನ ಹೆಸರು ಕೆಡುತ್ತದೆ, ಮುಂದೆ ಯಾವ ಶಾಲೆಯವರೂ ಸೇರಿಸಿಕೊಳ್ಳುವುದಿಲ್ಲ. ನೀವೇ ಒಂದು ಅರ್ಜಿ ಕೊಟ್ಟುಬಿಡಿ. ನಡತೆ ಉತ್ತಮ ಎಂದೇ ಬರೆದುಕೊಡುತ್ತೇವೆ.” ಅಪ್ಪ ಕೈ ಮುಗಿದರು. ಮಗನ ಬೆನ್ನಿಗೆ ಎರಡು ಬಾರಿಸಿದರು, ಅದು ನಮ್ಮೆಲ್ಲರಿಗೂ ತೋರಿಸುವುದಕ್ಕೆ. “ಇದೊಂದು ಸಲ ಬಿಡಿ ಸಾರ್, ಮುಚ್ಚಳಿಕೆ ಬರೆದುಕೊಡುತ್ತೇನೆ” ಎಂದರು. ಮುಚ್ಚಳಿಕೆ ಹಿಂದಿನ ಸಲವೇ ಆಗಿತ್ತು. ಕಡೆಗೆ ನನ್ನ ಮೇಜಿನ ಮೇಲಿದ್ದ ಮಾದರಿ ಅರ್ಜಿಯನ್ನು ಹುಡುಗನೇ ನಕಲು ಮಾಡಿದ, ಅಪ್ಪ ಸಹಿ ಹಾಕಿದರು. ತನ್ನನ್ನು ಶಾಲೆಯಿಂದ ಬಿಡಿಸುವ ಅರ್ಜಿಯನ್ನು ಆ ಹುಡುಗ ಗುಂಡಗಿನ ಅಕ್ಷರದಲ್ಲಿ, ಕಾಗುಣಿತ ತಪ್ಪದೆ ಬರೆದ.

ಆ ಟಿ.ಸಿ.ಯನ್ನು ತೆಗೆದು ನೋಡಿದರೆ ನಡತೆ ‘ಉತ್ತಮ’. ಶಾಲೆ ಬಿಡಲು ಕಾರಣ ‘ಪೋಷಕರ ಕೋರಿಕೆ’. ಅರ್ಜಿ ಕೊಟ್ಟ ದಿನಾಂಕ, ಪ್ರಮಾಣಪತ್ರ ಕೊಟ್ಟ ದಿನಾಂಕ ಎರಡೂ ಒಂದೇ.

ಈ ಕೊನೆಯ ಸಂಗತಿಯನ್ನು ದಯವಿಟ್ಟು ಗಮನಿಸಿ. ತಮಗೆ ಬೇಕೆಂದು ಟಿ.ಸಿ. ಕೇಳಿಕೊಂಡು ಬಂದ ತಂದೆತಾಯಿಯನ್ನು ಶಾಲೆಗಳು ಹೇಗೆ ಅಲೆದಾಡಿಸುತ್ತವೆ ಎಂಬುದು ನಾಡಿಗೇ ಗೊತ್ತು. ಇವತ್ತು ಹೆಡ್‌ಮಾಸ್ಟರ್ ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದ ಸರ್ವರ್ ಕೆಲಸ ಮಾಡುತ್ತಿಲ್ಲ, ನಾಡಿದ್ದು ಫೀಸಿನ ಬಾಕಿ ಇದೆ. ಬೇಡವೆಂದು ಅಳುವವರಿಗೆ ಮಾತ್ರ ಅರ್ಧ ಗಂಟೆಯಲ್ಲಿ ಟಿ.ಸಿ. ಸಿದ್ಧವಾಗುತ್ತದೆ, ಸರ್ವರ್ ಕೂಡ ಆ ಹೊತ್ತಿಗೆ ಸರಿಯಾಗಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಟಿ.ಸಿ. ಕೊಡಲು ತಡ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮ ಕೈಗೊಳ್ಳಬಹುದು ಎನ್ನುತ್ತದೆ. ಅವಸರದಲ್ಲಿ ಕೊಟ್ಟವರನ್ನು ಏನು ಮಾಡಬೇಕೆಂದು ಆ ಕಾಯ್ದೆ ಬರೆದವರಿಗೆ ಹೊಳೆದಿರಲಿಲ್ಲ.

ಅದೇ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಎರಡು ಮಾತುಗಳಿದ್ದವು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿಯವರೆಗೆ, ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು ಎಂಬುದು ಒಂದು. ಶಾಲೆಯಿಂದ ಹೊರಹಾಕಬಾರದು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ದೇಶವೆಲ್ಲ ಜಗಳವಾಡಿತು. 2019ರ ತಿದ್ದುಪಡಿ ಬಂತು, ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ ಮಾಡಿ ಉಳಿಸಿಕೊಳ್ಳಲು ಅವಕಾಶವಾಯಿತು. ನಮ್ಮ ರಾಜ್ಯದಲ್ಲಿ 5, 8, 9ನೇ ತರಗತಿಗಳಿಗೆ ಬೋರ್ಡ್ ಮಾದರಿಯ ಪರೀಕ್ಷೆ ಬೇಕೇ ಬೇಡವೇ ಎಂಬ ವ್ಯಾಜ್ಯ 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹೊರಹಾಕಬಾರದು ಎಂಬ ಎರಡನೆಯ ಮಾತು ತಿದ್ದುಪಡಿಯ ನಂತರವೂ ಹಾಗೆಯೇ ಉಳಿದಿದೆ. ಅದನ್ನು ಯಾರೂ ಪ್ರಶ್ನಿಸಲಿಲ್ಲ, ಯಾಕೆಂದರೆ ಯಾರಿಗೂ ಅದರ ಅಡ್ಡಿಯೇ ಆಗಲಿಲ್ಲ. ‘ಪೋಷಕರ ಕೋರಿಕೆ’ ಇರುವಾಗ ಹೊರಹಾಕುವ ಅಗತ್ಯವಾದರೂ ಏನಿದೆ? ಇನ್ನು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನ ನಂತರ ಈ ಕಾಯ್ದೆಯೇ ಅನ್ವಯವಾಗುತ್ತಿಲ್ಲ. ಆ ಪಟ್ಟಿಗೆ ಸೇರಲು ಎಷ್ಟೆಲ್ಲ ಭಾಷಾ ಅಲ್ಪಸಂಖ್ಯಾತರು ಬೆಂಗಳೂರಿನಲ್ಲಿ ದಿಢೀರನೆ ಹುಟ್ಟಿಕೊಂಡರು ಎಂಬುದು ನಿಮ್ಮ ಇಲಾಖೆಗೇ ನನಗಿಂತ ಚೆನ್ನಾಗಿ ಗೊತ್ತು.

ಎಂಟನೇ ತರಗತಿ ದಾಟಿದ ಮೇಲಿನ ಸ್ಥಿತಿ ಇನ್ನೂ ಕೆಟ್ಟದ್ದು. ಹದಿನಾಲ್ಕು ವರ್ಷಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಕೈ ಬಿಡುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಅದೇ ವಯಸ್ಸಿಗೆ ಹಿಡಿತ ಸಡಿಲಿಸುತ್ತದೆ: ಹದಿನಾಲ್ಕರ ಕೆಳಗಿನವರನ್ನು ದುಡಿಸಿಕೊಳ್ಳುವಂತಿಲ್ಲ, ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯಕಾರಿ ಕೆಲಸಗಳಷ್ಟೇ ನಿಷಿದ್ಧ. ಅಂದರೆ ಒಂಬತ್ತನೇ ತರಗತಿಯ ಹುಡುಗನನ್ನು ಶಾಲೆಯವರು ಕಳಿಸಿದರೆ ಕೇಳುವವರಿಲ್ಲ, ಗ್ಯಾರೇಜಿನವರು ಸೇರಿಸಿಕೊಂಡರೂ ಕೇಳುವವರಿಲ್ಲ. ಮೀಸೆ ಚಿಗುರುವ, ದನಿ ಒಡೆಯುವ, ದೊಡ್ಡವರಿಗೆ ಎದುರು ನಿಲ್ಲುವ ವಯಸ್ಸು ಕೂಡ ಅದೇ. ಮಕ್ಕಳು ಅತಿ ಹೆಚ್ಚು ತಂಟೆ ಮಾಡುವ ಕಾಲಕ್ಕೆ ಸರಿಯಾಗಿ ಎರಡು ಕಾನೂನುಗಳೂ ಒಟ್ಟಿಗೆ ರಜೆ ಹಾಕುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಕೋಟಾದಲ್ಲಿ ಖಾಸಗಿ ಶಾಲೆ ಸೇರಿದ್ದ ಬಡ ಮಕ್ಕಳಿಗೂ ಎಂಟರ ತನಕವೇ ಸರ್ಕಾರದ ಶುಲ್ಕ. ಒಂಬತ್ತಕ್ಕೆ ಕಟ್ಟಲಾಗದವರು ಟಿ.ಸಿ. ಹಿಡಿದು ನಮ್ಮಂಥ ಶಾಲೆಗೆ ಬರುತ್ತಿದ್ದರು. ಅವರ ಕಾಗದದ ಮೇಲೂ ಇದ್ದದ್ದು ಅದೇ ಎರಡು ಪದ.

ಒಂಬತ್ತನೇ ತರಗತಿಯಲ್ಲೇ ಈ ಜರಡಿ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದಕ್ಕೆ ನಿಮ್ಮ ಇಲಾಖೆಯೇ ಹೊಣೆ. ಹತ್ತನೇ ತರಗತಿಯ ಫಲಿತಾಂಶವೇ ಶಾಲೆಯ ಮಾನ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಶೇ 94 ಬಂದ ಉಡುಪಿ ಮೇಲೆ, ಶೇ 50.59 ಬಂದ ಯಾದಗಿರಿ ಕೆಳಗೆ ಎಂದು ಪತ್ರಿಕೆಗಳಲ್ಲಿ ಪಟ್ಟಿ ಬಂತು. ಆ ಪಟ್ಟಿಯ ಬಿಸಿ ಜಿಲ್ಲೆಯ ಶಿಕ್ಷಣಾಧಿಕಾರಿಯಾದ ಡಿಡಿಪಿಐಗೆ, ಅಲ್ಲಿಂದ ತಾಲ್ಲೂಕಿನ ಬಿಇಒಗೆ, ಅಲ್ಲಿಂದ ಹೆಡ್‌ಮಾಸ್ಟರಿಗೆ ಇಳಿಯುತ್ತದೆ. ಕಡೆಗೆ ಅದು ತಲುಪುವುದು ಕೊನೆಯ ಬೆಂಚಿಗೆ. ಫೇಲಾಗುವ ಹುಡುಗನೇ ತಂಟೆ ಮಾಡುವ ಹುಡುಗನೂ ಆಗಿರುವುದು ಸಾಮಾನ್ಯ. ಆದ್ದರಿಂದ ಶಿಸ್ತಿನ ನೆಪ ಸಿಕ್ಕರೆ ಲೆಕ್ಕಕ್ಕೂ ಅನುಕೂಲ. ‘ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿಸಿ’ ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಶೇ ನೂರು ಫಲಿತಾಂಶದ ಬ್ಯಾನರು ಕಟ್ಟಿಕೊಂಡ ಶಾಲೆಗಳಿಗೆ ಬಹುಮಾನ ಕೊಡುವಾಗ, ಅಲ್ಲಿ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೇ ತರಗತಿಯಲ್ಲಿ ಪರೀಕ್ಷೆ ಬರೆದವರೆಷ್ಟು ಎಂದು ಯಾರಾದರೂ ಕೇಳಿದ್ದುಂಟೇ?

ಟಿ.ಸಿ. ಕೊಡುವ ಧೈರ್ಯವಿಲ್ಲದ ಕಡೆ ಇನ್ನೊಂದು ಉಪಾಯವಿದೆ. ಅದು ಗೇಟಿನಲ್ಲಿ ಶುರುವಾಗುತ್ತದೆ. ತಡವಾಯಿತು, ಕೂದಲು ಬೆಳೆದಿದೆ, ಶೂ ಇಲ್ಲ, ಹೋಂವರ್ಕ್ ಮಾಡಿಲ್ಲ. ‘ಅಪ್ಪನನ್ನು ಕರೆದುಕೊಂಡು ಬಾ, ಅಲ್ಲಿಯವರೆಗೆ ಒಳಗೆ ಬರಬೇಡ.’ ಅಪ್ಪ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಂದರೆ ಮನೆಯಲ್ಲಿ ಹೊಡೆತ ಖಚಿತವೆಂದು ಹುಡುಗನಿಗೆ ಗೊತ್ತು, ಹಾಗಾಗಿ ಅವನು ಅಪ್ಪನಿಗೆ ಹೇಳುವುದೇ ಇಲ್ಲ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟು ಬಸ್ ನಿಲ್ದಾಣದಲ್ಲೋ ಕೆರೆ ಏರಿಯ ಮೇಲೋ ಕೂತು ಸಂಜೆ ಮನೆಗೆ ಹೋಗುತ್ತಾನೆ. ಮಧ್ಯಾಹ್ನದ ಬಿಸಿಯೂಟ ಇಲ್ಲ. ಇತ್ತ ಹಾಜರಾತಿ ವಹಿಯಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಬೀಳುತ್ತದೆ. ‘ನಾವೇ ಹೊರಗೆ ನಿಲ್ಲಿಸಿದೆವು’ ಎಂದು ಗುರುತು ಹಾಕಲು ಆ ವಹಿಯಲ್ಲಿ ಯಾವ ಚಿಹ್ನೆಯೂ ಇಲ್ಲ. ಹೀಗೆ ಗೈರು ಸೇರುತ್ತ ಹೋಗಿ ಹಾಜರಾತಿ ಶೇ 75ರ ಕೆಳಗೆ ಇಳಿದರೆ ಹತ್ತನೇ ತರಗತಿಯ ಪರೀಕ್ಷೆಯೂ ಇಲ್ಲ. ಆಗ ಅವನು ದಾಖಲೆಯ ಪ್ರಕಾರ ಸತತವಾಗಿ ಶಾಲೆಗೆ ಬಾರದ, ಓದಿನಲ್ಲಿ ಆಸಕ್ತಿ ಇಲ್ಲದ ವಿದ್ಯಾರ್ಥಿ.

ರಾಜ್ಯದ ಹೈಕೋರ್ಟು 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದುವರೆಗೆ 60 ದಿನ ಬಾರದಿದ್ದರೆ ಮಾತ್ರ ಶಾಲೆ ಬಿಟ್ಟ ಮಗು ಎಂದು ಪರಿಗಣಿಸುವ ಪದ್ಧತಿ ಇತ್ತು, ಅದು ಏಳು ದಿನಕ್ಕೆ ಇಳಿಯಿತು. ಒಳ್ಳೆಯದೇ ಆಯಿತು. ಏಳು ದಿನ ಬಾರದ ಮಗುವನ್ನು ಹುಡುಕಿಕೊಂಡು ಮನೆಗೆ ಹೋಗುವ ಶಿಕ್ಷಕರನ್ನು ನಾನು ಕಂಡಿದ್ದೇನೆ, ಅವರ ಬಗ್ಗೆ ಗೌರವವಿದೆ. ಆದರೆ ಶಾಲೆಯೇ ಗೇಟಿನಿಂದ ಹಿಂದಕ್ಕೆ ಕಳಿಸಿದ ಮಗುವನ್ನು ಯಾರು ಹುಡುಕಬೇಕು?

ಹೆಣ್ಣು ಮಕ್ಕಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹುಡುಗರು ಗಲಾಟೆ ಮಾಡಿ ಹೊರಗೆ ಹೋಗುತ್ತಾರೆ, ಹೆಣ್ಣು ಮಕ್ಕಳು ಏನೂ ಮಾಡದೆಯೂ ಹೋಗುತ್ತಾರೆ. ಬ್ಯಾಗು ತಪಾಸಣೆಯಲ್ಲಿ ಒಂದು ಪತ್ರ ಸಿಕ್ಕಿತು ಎಂದಿಟ್ಟುಕೊಳ್ಳಿ. ಬರೆದವನು ಹತ್ತನೇ ತರಗತಿಯವನು, ಸಿಕ್ಕಿದ್ದು ಒಂಬತ್ತನೇ ತರಗತಿಯ ಹುಡುಗಿಯ ಬ್ಯಾಗಿನಲ್ಲಿ. ಎರಡೂ ಮನೆಯವರನ್ನು ಕರೆಸುತ್ತಾರೆ. ಹುಡುಗನ ಕಡೆಯವರು ‘ಬುದ್ಧಿ ಹೇಳುತ್ತೇವೆ’ ಎಂದು ಮುಚ್ಚಳಿಕೆ ಕೊಟ್ಟು ಹೋಗುತ್ತಾರೆ, ಪರೀಕ್ಷೆ ಹತ್ತಿರ ಬಂದಿದೆಯಲ್ಲ! ಹುಡುಗಿಯ ಅಪ್ಪನಿಗೆ ಯಾರೂ ಟಿ.ಸಿ. ತೆಗೆದುಕೊಳ್ಳಿ ಎನ್ನಬೇಕಾಗಿಯೇ ಇಲ್ಲ. ‘ನಿಮ್ಮ ಮಗಳನ್ನು ನಾವು ಎಷ್ಟೆಂದು ಕಾಯೋಣ’ ಎಂದರೆ ಸಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಯಲ್ಲಿ ಹುಡುಗಿ ಮನೆ ಸೇರುತ್ತಾಳೆ. ಆ ಮೇಲಿನದು ನಿಮ್ಮ ಇಲಾಖೆಯ ವ್ಯಾಪ್ತಿಯದಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು: ಬಾಲ್ಯವಿವಾಹದ ಮಾಹಿತಿ ಬಂದು 1098ಕ್ಕೆ ಯಾರಾದರೂ ಕರೆ ಮಾಡಿದರೆ ನಿಲ್ಲುತ್ತದೆ, ಮಾಡದಿದ್ದರೆ ಚಪ್ಪರ ಏಳುತ್ತದೆ. ಅವಳ ಟಿ.ಸಿ.ಯಲ್ಲಿ ಕಾರಣ ಏನಿರುತ್ತದೆ ಎಂದು ಮತ್ತೆ ಹೇಳುವುದಿಲ್ಲ. ಈ ಸಲ ಅದು ಅಕ್ಷರಶಃ ನಿಜವೂ ಆಗಿರುತ್ತದೆ, ಅಪ್ಪನೇ ಕೇಳಿದ್ದ.

ಪತ್ರಕ್ಕಿಂತ ದೊಡ್ಡ ಪ್ರಕರಣಗಳಲ್ಲಿ, ಅಂದರೆ ಹುಡುಗಿಯ ಮೈಮೇಲೆ ಕೈ ಬಿದ್ದಾಗ, ಶಾಲೆಯ ‘ಹೆಸರು’ ಉಳಿಸಲು ಯಾರಾದರೊಬ್ಬರಿಗೆ ಸದ್ದಿಲ್ಲದೆ ಟಿ.ಸಿ. ಕೊಟ್ಟು ಮುಗಿಸುವುದು ಕಾನೂನಿನ ಕಣ್ಣಿನಲ್ಲಿ ಅಪರಾಧ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಈ ಸಂಗತಿ ಆಡಳಿತ ಮಂಡಳಿಗಳಿಗೆ ಗೊತ್ತಿಲ್ಲ ಎಂದು ನಂಬಲು ನಾನು ಸಿದ್ಧನಿಲ್ಲ.

ಅಪರಾಧದ ಮಾತು ಬಂದದ್ದರಿಂದ ಒಂದು ಹೋಲಿಕೆ. ಹದಿನಾಲ್ಕರ ಹುಡುಗನೊಬ್ಬ ಮೊಬೈಲ್ ಕದ್ದು ಪೊಲೀಸರ ಕೈಗೆ ಸಿಕ್ಕನೆನ್ನಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅವನನ್ನು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಇರುತ್ತಾರೆ, ಇಬ್ಬರು ಸಮಾಜ ಸೇವಕರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಹುಡುಗನ ಮಾತು ಕೇಳುತ್ತಾರೆ, ಅವನ ಮನೆಯ ಸ್ಥಿತಿಗತಿಯ ವರದಿ ತರಿಸುತ್ತಾರೆ, ವಿಚಾರಣೆಗೆ ನಾಲ್ಕು ತಿಂಗಳ ಗಡುವು ಇದೆ. ತಪ್ಪು ಮಾಡಿದ್ದಾನೆಂದು ಕಂಡುಬಂದರೆ ಮಂಡಳಿ ಕೊಡಬಹುದಾದ ಆದೇಶಗಳಲ್ಲಿ ಒಂದು ಏನು ಗೊತ್ತೇ? ‘ಶಾಲೆಗೆ ಹೋಗು.’ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ. ಅದೇ ಹುಡುಗ ಅದೇ ಮೊಬೈಲನ್ನು ತರಗತಿಯಲ್ಲಿ ಕದ್ದು ಹೆಡ್‌ಮಾಸ್ಟರ ಕೈಗೆ ಸಿಕ್ಕಿದ್ದರೆ ಊಟದ ಬೆಲ್ಲಿನೊಳಗೆ ಅವನ ಶಾಲೆ ಮುಗಿಯುತ್ತಿತ್ತು. ಪೊಲೀಸರಿಗೆ ಸಿಕ್ಕವನೇ ಪುಣ್ಯವಂತ!

ಹೊರಹಾಕಿದ್ದು ಬಹಿರಂಗವಾಗಿ ನಡೆದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಕೇರಳದ ಉದಾಹರಣೆ ಇದೆ. 1985ರ ಜುಲೈ 26ರಂದು ಕೊಟ್ಟಾಯಂ ಜಿಲ್ಲೆಯ ಶಾಲೆಯೊಂದರಿಂದ ಮೂವರು ಒಡಹುಟ್ಟಿದವರನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಆ ಮಕ್ಕಳು ಬೆಳಗಿನ ಪ್ರಾರ್ಥನೆಯ ವೇಳೆ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರಿಂದ ಅಗೌರವವೇನೂ ಆಗಿಲ್ಲ ಎಂದು ಸರ್ಕಾರವೇ ನೇಮಿಸಿದ ಸಮಿತಿ ಹೇಳಿತ್ತು. ಆದರೂ ಶಾಲೆಗಳ ಉಪ ತಪಾಸಣಾಧಿಕಾರಿಯ ಸೂಚನೆಯಂತೆ ಮುಖ್ಯ ಶಿಕ್ಷಕಿ ಅವರನ್ನು ತೆಗೆದರು. ಕೇರಳ ಹೈಕೋರ್ಟಿನಲ್ಲಿ ಮಕ್ಕಳಿಗೆ ಸೋಲಾಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಬರೆದ ತೀರ್ಪಿನಲ್ಲಿ, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಶಿಕ್ಷಣ ಇಲಾಖೆಯ ಸುತ್ತೋಲೆಗಳಿಗೆ ಕಾನೂನಿನ ಬಲವಿಲ್ಲ, ಅವುಗಳ ಆಧಾರದ ಮೇಲೆ ಮೂಲಭೂತ ಹಕ್ಕನ್ನು ಮೊಟಕುಗೊಳಿಸುವಂತಿಲ್ಲ ಎಂದಿತು. ಈ ತೀರ್ಪನ್ನು ಎಲ್ಲರೂ ಧಾರ್ಮಿಕ ಸ್ವಾತಂತ್ರ್ಯದ ತೀರ್ಪೆಂದೇ ಓದುತ್ತಾರೆ. ಗುಮಾಸ್ತನಾದ ನನಗೆ ಅದರಲ್ಲಿ ಕಾಣುವುದು ಬೇರೆ. ಆ ಮಕ್ಕಳನ್ನು ಹೊರಹಾಕಿದ್ದಾರೆ ಎಂದು ಶಾಲೆ ಒಪ್ಪಿಕೊಂಡಿತ್ತು, ಹಾಗಾಗಿ ಪ್ರಶ್ನಿಸಲು ಒಂದು ವಿಷಯವಿತ್ತು. ಅಂದು ಆ ತಂದೆಯ ಕೈಯಲ್ಲಿ ‘ಪೋಷಕರ ಕೋರಿಕೆ’ಯ ಅರ್ಜಿ ಬರೆಸಿದ್ದರೆ ದೆಹಲಿಯವರೆಗೆ ಹೋಗಲು ಪ್ರಕರಣವೇ ಉಳಿಯುತ್ತಿರಲಿಲ್ಲ.

ನಮ್ಮಲ್ಲಿ 2022ರಲ್ಲಿ ಸಮವಸ್ತ್ರದ ವಿವಾದ ನಡೆಯಿತು. ಹಿಜಾಬ್ ಧರಿಸಿದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತ ಚಿತ್ರಗಳನ್ನು ದೇಶವೆಲ್ಲ ನೋಡಿತು. ಮಾರ್ಚಿನಲ್ಲಿ ಹೈಕೋರ್ಟು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಅದರ ಸರಿತಪ್ಪಿನ ಚರ್ಚೆಗೆ ಇಲ್ಲಿ ಹೋಗುವುದಿಲ್ಲ, ಈ ಪತ್ರವನ್ನು ಅದೊಂದೇ ನುಂಗಿಬಿಡುತ್ತದೆ. ಆ ವರ್ಷ ಎಷ್ಟು ಹುಡುಗಿಯರು ಟಿ.ಸಿ. ತೆಗೆದುಕೊಂಡು ಹೋದರು, ಎಲ್ಲಿ ಹೋಗಿ ಸೇರಿದರು, ಎಷ್ಟು ಮಂದಿ ಎಲ್ಲಿಯೂ ಸೇರಲಿಲ್ಲ ಎಂಬ ಪ್ರಶ್ನೆಗೆ ಶಾಲೆ ಬಿಡಲು ಕಾರಣದ ಕಾಲಂ ಉತ್ತರ ಕೊಡಬಲ್ಲದೇ ಎಂದಷ್ಟೇ ನನ್ನ ಕುತೂಹಲ.

ಮಕ್ಕಳನ್ನು ಹೊರಹಾಕುವ ಚಾಳಿ ಇಂಗ್ಲೆಂಡಿನಲ್ಲಿಯೂ ಇದೆ, ನಮಗಿಂತ ಹೆಚ್ಚೇ ಇರಬಹುದು. 2022-23ನೇ ಸಾಲಿನಲ್ಲಿ ಅಲ್ಲಿನ ಶಾಲೆಗಳು ಸುಮಾರು 7.87 ಲಕ್ಷ ಸಲ ಮಕ್ಕಳನ್ನು ಅಮಾನತು ಮಾಡಿದವು, ಸುಮಾರು 9,400 ಸಲ ಕಾಯಂ ಆಗಿ ಹೊರಹಾಕಿದವು. ಹೆಮ್ಮೆಪಡುವ ಅಂಕಿಯಲ್ಲ. ಆದರೆ ಅಂಕಿ ಇದೆ, ಪ್ರತಿ ವರ್ಷ ಸರ್ಕಾರವೇ ಅದನ್ನು ಪ್ರಕಟಿಸುತ್ತದೆ. ಒಂದು ಶೈಕ್ಷಣಿಕ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯನ್ನು 45 ದಿನಕ್ಕಿಂತ ಹೆಚ್ಚು ಅಮಾನತಿನಲ್ಲಿಡುವಂತಿಲ್ಲ. ಕಾರಣವನ್ನು ಪೋಷಕರಿಗೆ ಲಿಖಿತವಾಗಿ ತಿಳಿಸಬೇಕು. ಆರನೇ ದಿನದಿಂದ ಆ ಮಗುವಿಗೆ ಬೇರೆಡೆ ಪೂರ್ಣಾವಧಿಯ ಪಾಠ ವ್ಯವಸ್ಥೆಯಾಗಬೇಕು. ಅಲ್ಲಿಯೂ ಕೆಲವು ಶಾಲೆಗಳು ಫಲಿತಾಂಶಕ್ಕಾಗಿ ತಂದೆತಾಯಿಯ ಮೇಲೆ ಒತ್ತಡ ಹಾಕಿ ಮಗುವಿನ ಹೆಸರು ತೆಗೆಸುತ್ತವೆ, ನಮ್ಮ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿನ ತಪಾಸಣಾ ಸಂಸ್ಥೆ ಅದಕ್ಕೊಂದು ಹೆಸರಿಟ್ಟು, ವ್ಯಾಖ್ಯೆ ಕೊಟ್ಟು, ಶಾಲೆಗೆ ಬಂದಾಗ ಅದನ್ನು ಹುಡುಕುತ್ತದೆ.

ಇಷ್ಟು ಬರೆದ ಮೇಲೆ ಶಿಕ್ಷಕರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆಂದು ಗೊತ್ತು. ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದರು: “ಬೆತ್ತ ಹಿಡಿಯಬೇಡಿ, ಬೈಯಬೇಡಿ, ಫೇಲ್ ಮಾಡಬೇಡಿ ಎಂದರು. ಈಗ ಹೊರಗೂ ಕಳಿಸಬೇಡಿ ಎಂದರೆ ಇಂಥವರಿಗೆ ಆರತಿ ಎತ್ತಬೇಕೇ?” ಅವರ ಸಿಟ್ಟು ಸುಳ್ಳಲ್ಲ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು, ಖಾಲಿ ಹುದ್ದೆಗಳು, ಜನಗಣತಿ, ಸಮೀಕ್ಷೆ, ಚುನಾವಣೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ. ಇದರ ನಡುವೆ ಒಬ್ಬ ಹುಡುಗ ದಿನವೂ ಪಾಠ ನಿಲ್ಲಿಸಿದರೆ ಉಳಿದ ಮಕ್ಕಳ ಹಕ್ಕೂ ಹಕ್ಕೇ. ಇನ್ನೊಂದು ಮಗುವಿನ ತಲೆ ಒಡೆದವನನ್ನು ಮರುದಿನ ಅದೇ ಬೆಂಚಿನಲ್ಲಿ ಕೂರಿಸಿ ಎಂದು ನಾನು ಹೇಳುತ್ತಿಲ್ಲ. ಕೆಲವು ಸಲ ತರಗತಿಯಿಂದ ತೆಗೆಯಲೇಬೇಕಾಗುತ್ತದೆ. ತೆಗೆದವನನ್ನು ಎಲ್ಲಿ ಇಡುತ್ತೀರಿ, ಎಷ್ಟು ದಿನ, ಯಾರಿಗೆ ಬರೆದು ತಿಳಿಸಿದಿರಿ ಎಂಬುದಷ್ಟೇ ನನ್ನ ಪ್ರಶ್ನೆ.

ಆ ಶಿಕ್ಷಕಿಯೇ ಮುಂದೊಮ್ಮೆ ಇದಕ್ಕೆ ಒಂದು ದಾರಿ ಮಾಡಿದರು. ಹೊಡೆದಾಟದಲ್ಲಿ ಸಿಕ್ಕ ಇಬ್ಬರು ಹುಡುಗರನ್ನು ಮನೆಗೆ ಕಳಿಸದೆ ನನ್ನ ಕಚೇರಿಯಲ್ಲಿ, ಬೀರುವಿನ ಪಕ್ಕ ಎರಡು ಸ್ಟೂಲು ಹಾಕಿಸಿ ಕೂರಿಸಿದರು. ಆಯಾ ಪಿರಿಯಡ್ಡಿನ ಕೆಲಸ ಅಲ್ಲಿಗೇ ಬರುತ್ತಿತ್ತು, ಬಿಸಿಯೂಟ ಎಲ್ಲರ ಜೊತೆಗೆ, ಹಾಜರಾತಿ ಪೂರ್ತಿ. ಒಂದು ನೋಟ್‌ಬುಕ್ಕಿನಲ್ಲಿ ಯಾಕೆ ಕೂರಿಸಿದೆ, ಯಾವ ದಿನ ತರಗತಿಗೆ ಮರಳಬೇಕು ಎಂದು ಬರೆದು ಇಬ್ಬರ ತಾಯಂದಿರ ಸಹಿ ತರಿಸಿದರು. ನನಗೆ ಆ ದಿನಗಳಲ್ಲಿ ಸಂಬಳದ ಬಿಲ್ಲು ಮಾಡುವುದೇ ಕಷ್ಟವಾಯಿತು, ಅಷ್ಟು ಪಿಸುಮಾತು. ಪವಾಡವೇನೂ ಆಗಲಿಲ್ಲ. ಒಬ್ಬ ತಣ್ಣಗಾದ, ಇನ್ನೊಬ್ಬ ಹತ್ತನೇ ತರಗತಿ ಮುಗಿಯುವವರೆಗೂ ಕಾಟ ಕೊಟ್ಟ. ಇಬ್ಬರೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಮ್ಮ ಶಾಲೆಯಿಂದಲೇ ಕೂತರು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೊದಲು ಸ್ಯಾಟ್ಸ್ ತಂತ್ರಾಂಶದಲ್ಲಿ ವರ್ಷದ ನಡುವೆ ಟಿ.ಸಿ. ತಯಾರಿಸುವಾಗ ‘ಪೋಷಕರ ಕೋರಿಕೆ’ ಎಂಬಷ್ಟಕ್ಕೇ ಮುಗಿಸಲು ಬಿಡಬೇಡಿ. ಕೋರಿಕೆಗೆ ಕಾರಣವೇನು, ಮಗು ಮುಂದೆ ಸೇರುವ ಶಾಲೆ ಯಾವುದು ಎಂದು ತುಂಬಲೇಬೇಕು. ಟಿ.ಸಿ. ತಡ ಮಾಡಬಾರದೆಂಬ ನಿಯಮ ಇರುವುದರಿಂದ ಅದನ್ನು ತಡೆಹಿಡಿಯುವುದು ಬೇಡ, ನಿಜವಾಗಿ ಬೇಕಾದವರಿಗೆ ತೊಂದರೆಯಾಗುತ್ತದೆ. ಬದಲಿಗೆ ಶಾಲೆಗೆ ಸಂಬಂಧವಿಲ್ಲದ ಯಾರಾದರೂ, ಆಸುಪಾಸಿನ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಿಆರ್‌ಪಿಯೋ ಬಿಇಒ ಕಚೇರಿಯವರೋ, ಒಂದು ವಾರದೊಳಗೆ ಆ ತಂದೆತಾಯಿಗೆ ಕರೆ ಮಾಡಿ ‘ನೀವಾಗಿಯೇ ಕೇಳಿದಿರಾ’ ಎಂದು ವಿಚಾರಿಸಲಿ. ಅಲ್ಲ ಎಂದರೆ, ಒಂದು ತಿಂಗಳೊಳಗೆ ಅರ್ಜಿ ಹಿಂತೆಗೆದುಕೊಂಡು ಮಗುವನ್ನು ಅದೇ ತರಗತಿಗೆ ಮರಳಿ ಕಳಿಸುವ ಹಕ್ಕು ಅವರಿಗಿರಲಿ. ಹೆಡ್‌ಮಾಸ್ಟರ ಕೋಣೆಯಲ್ಲಿ ನಿಂತು ಹಾಕಿದ ಸಹಿಗೂ ಮನೆಯಲ್ಲಿ ಕೂತು ಆಡಿದ ಮಾತಿಗೂ ಎಷ್ಟು ಅಂತರವಿದೆ ಎಂಬುದು ಆಗ ನಿಮಗೇ ತಿಳಿಯುತ್ತದೆ.

ಹಾಜರಾತಿ ವಹಿಯಲ್ಲಿ, ಶಾಲೆಯೇ ಹೊರಗೆ ಕಳಿಸಿದ ದಿನವನ್ನು ಗೈರು ಎಂದು ಬರೆಯುವುದನ್ನು ನಿಲ್ಲಿಸಿ. ಅದಕ್ಕೊಂದು ಬೇರೆ ಗುರುತು ಕೊಡಿ, ಶೇ 75ರ ಲೆಕ್ಕದಿಂದ ಅದನ್ನು ಹೊರಗಿಡಿ. ಒಂದು ದಿನ ಕಳಿಸಿದರೂ ಕಾರಣ ಮತ್ತು ಮರಳಬೇಕಾದ ದಿನಾಂಕ ಬರೆದ ಚೀಟಿ ಮಗುವಿನ ಕೈಯಲ್ಲಿರಲಿ. ಬರೆಯಬೇಕಾಗಿ ಬಂದರೆ ಕೂದಲಿಗಾಗಿ ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕಚೇರಿಯ ಅನುಭವದಿಂದ ಹೇಳಬಲ್ಲೆ. ನಮ್ಮ ಜನ ಮಾಡಲು ಅಂಜದ್ದನ್ನು ಬರೆಯಲು ಅಂಜುತ್ತಾರೆ.

ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ, 1983ರ ಕರ್ನಾಟಕ ಶಿಕ್ಷಣ ಕಾಯ್ದೆ ನಮ್ಮದೇ. ಹೊರಹಾಕಬಾರದೆಂಬ ರಕ್ಷಣೆಯನ್ನು ಎಂಟರಿಂದ ಹತ್ತನೇ ತರಗತಿಯವರೆಗೆ ವಿಸ್ತರಿಸಲು ಕೇಂದ್ರದ ಕಡೆ ಬೊಟ್ಟು ಮಾಡುವ ಅಗತ್ಯವಿಲ್ಲ. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಅದರ ಜಾರಿಗೆ ನಿಯಮಗಳನ್ನು ಬರೆಯುವಾಗ ಈ ಒಂದು ಸಾಲನ್ನೂ ಸೇರಿಸಬಹುದು. ಶಾಲೆಯ ಫಲಿತಾಂಶವನ್ನು ಪ್ರಕಟಿಸುವಾಗ, ಪರೀಕ್ಷೆ ಬರೆದವರ ಶೇಕಡಾವಾರಿನ ಜೊತೆಗೆ ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿದ್ದವರ ಸಂಖ್ಯೆಯನ್ನೂ ಪ್ರಕಟಿಸಿ. ಇದಕ್ಕೆ ಹೊಸ ಸಮೀಕ್ಷೆ ಬೇಡ, ಹೊಸ ಆ್ಯಪ್ ಬೇಡ. ಎರಡೂ ಅಂಕಿ ಸ್ಯಾಟ್ಸ್‌ನಲ್ಲಿ ಈಗಾಗಲೇ ಇವೆ.

ಅರ್ಜಿ ದಿನಾಂಕ ಮತ್ತು ಟಿ.ಸಿ. ದಿನಾಂಕ ಒಂದೇ ಇರುವ, ಜೂನ್‌ನಿಂದ ಮಾರ್ಚ್ ನಡುವೆ ಕೊಟ್ಟ, ಎಂಟು ಮತ್ತು ಒಂಬತ್ತನೇ ತರಗತಿಯ ಪ್ರಮಾಣಪತ್ರಗಳ ಪಟ್ಟಿಯನ್ನು ತೆಗೆಸಿ ನೋಡಿ. ಯಾವುದಾದರೂ ಒಂದು ತಾಲ್ಲೂಕಿನದ್ದು ಸಾಕು. ಬಿಇಒ ಕಚೇರಿಯ ಗುಮಾಸ್ತರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲ ಕೆಲಸ ಅದು. ಬಂದ ಹೆಸರುಗಳಲ್ಲಿ ಈಗ ಯಾವ ಶಾಲೆಯಲ್ಲಿಯೂ ಇಲ್ಲದವರು ಎಷ್ಟು ಮಂದಿ ಎಂದು ಎಣಿಸಿ, ಆ ಸಂಖ್ಯೆಯನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಿ.

ಇತಿ,
ನಿವೃತ್ತ ದ್ವಿತೀಯ ದರ್ಜೆ ಸಹಾಯಕ,
ಅನುದಾನಿತ ಪ್ರೌಢಶಾಲೆ